ದಿನಕ್ಕೆ ಸಾವಿರದೈನೂರು ಕೇಳೋರು

ಕೆರಗೋಡು
೮–೭–೧೯೪೫

ಸೌಭಾಗ್ಯವತಿ ತಂಗಿ ಹೊಂಬಾಳಮ್ಮನಿಗೆ ಅಣ್ಣ ಕರಿಸಿದ್ದಯ್ಯನ ಆಶೀರ್ವಾದ. ಮಳವಳ್ಳಿಯಲ್ಲಿ ನೀನೂ ನಿನ್ನ ಯಜಮಾನರೂ ನಿಮ್ಮ ಅತ್ತೆಯವರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಪುಟ್ಟ ಮಲ್ಲಿಗಮ್ಮನ ವಿಷಯದಲ್ಲಿ ನಂಬಿಕೆಯ ಮಾತೇ ಬೇಡ. ನಾಮಕರಣದ ದಿನ ಅವಳು ನನ್ನ ಮೀಸೆ ಹಿಡಿದು ಎಳೆದ ಎಳೆತದಲ್ಲೇ ತಿಳಿಯಿತು, ಅದು ನಮ್ಮ ಮನೆಯ ಕೈ.

ಊರಿಗೆ ಬಂದವನು ಒಂದು ಕಾಗದ ಹಾಕಲಿಲ್ಲ ಎಂದು ಮುನಿಸಿಕೊಳ್ಳಬೇಡ. ನಾಲೆಗೆ ನೀರು ಬಿಟ್ಟರು, ನಾಟಿ ಶುರುವಾಯಿತು. ನಾನು ಬದುವಿನ ಮೇಲೆ ನಿಂತು ಒಂದು ಸಲ ಕೂಗಿದರೆ ನಾಲ್ಕು ಆಳಿನ ಕೆಲಸ ಆಗುತ್ತದೆ ಎಂಬುದು ಈ ಸೀಮೆಗೇ ಗೊತ್ತಿರುವ ಮಾತು. ಹಾಗೆ ಕೂಗಿ ಕೂಗಿ ಗಂಟಲು ಹೋಗಿತ್ತು. ಗಂಟಲು ಹೋದವನು ಕಾಗದ ಬರೆಯಬಹುದಲ್ಲ ಎಂದು ನೀನು ಕೇಳುವವಳೇ. ಕೇಳು, ಕೇಳು.

ಆ ದಿನ ನಿಮ್ಮ ಅತ್ತೆ ಚಿಕ್ಕಬೋರಮ್ಮನವರು ಮಗುವನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಲು ನೋಡಿದರಲ್ಲ, ಅದು ಜಾರಿಕೊಂಡು ಮಂಡಿಯ ಕಡೆಗೆ ಬಂತಲ್ಲ. ಮತ್ತೆ ಮೇಲಕ್ಕೆಳೆದು ಇಟ್ಟರು, ಮತ್ತೆ ಜಾರಿತು. ಆಗ ಅವರು ಪಂತಿಯಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ, "ತೊಡೆ ಎಲ್ಲಯ್ಯಾ ಐತೆ ನಿಂಗೆ? ಒಟ್ಟೆನೇ ಮಂಡಿಗಂಟ ಬಂದು ಕುಂತ್ಬುಟ್ಟೈತಲ್ಲ!" ಅಂದರು. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕು, "ಏನ್ ಮಾಡಾದು ಬೋರಕ್ಕ, ನಮ್ ಗದ್ದೆ ಕಬ್ಬು, ನಮ್ ಅಟ್ಟಿ ಎಮ್ಮೆ, ಎಲ್ಡೂ ಒಂದೇ ತಾವ ಮನೆ ಕಟ್ಕಂಡವೆ" ಅಂದೆ. ನಿನ್ನ ಯಜಮಾನರ ತಾಲ್ಲೂಕು ಕಚೇರಿಯಿಂದ ಬಂದಿದ್ದವರಲ್ಲಿ ಒಬ್ಬರಿಗೆ ಮಜ್ಜಿಗೆ ಮೂಗಿಗೇರಿತು. ನಿನ್ನ ಯಜಮಾನರು ಪುಟ್ಟರಾಜು ಒಬ್ಬರು ನಗಲಿಲ್ಲ. ಹಲ್ಲುನೋವೋ ಏನೋ ಪಾಪ.

ಆಮೇಲೆ ಬೋರಮ್ಮನವರು ಒಂದು ಮಾತು ಅಂದರು. ನೀನು ಮಗುವಿನ ಬಟ್ಟೆ ಮಡಿಸುತ್ತಾ ಕೂತಿದ್ದೆ, ತಲೆ ಎತ್ತಲಿಲ್ಲ. "ಕಿವಿ ಚುಚ್ಚೋ ದಿನ ಇಂಗೇ ಜಾರುದ್ರೆ ಸೂಜಿ ಕಣ್ಗೆ ಓಯ್ತದೆ. ಸೋದರಮಾವನ ತೊಡೆ ಅಂದ್ರೆ ತೊಡೆ ಇರ್ಬೇಕು. ಆ ಅಂಕಯ್ಯನೇ ಕೂರಿಸ್ಕಳ್ಳಿ ಬುಡು" ಅಂದರು.

ಅಂಕಯ್ಯ ನಮ್ಮ ಚಿಕ್ಕಪ್ಪನ ಮಗ, ನಿನಗೆ ಅಣ್ಣನ ವರಸೆ, ಮಲ್ಲಿಗಮ್ಮನಿಗೆ ಮಾವನ ವರಸೆ. ಎಲ್ಲ ಒಪ್ಪಿದೆ. ಆದರೆ ಅವನದು ತೊಡೆಯೇನಮ್ಮ? ಹಲಗೂರು ಸಂತೆಯಲ್ಲಿ ಅಂತಹ ಬಿದಿರು ಗಳ ಬೇಕಾದಷ್ಟು ಸಿಗುತ್ತವೆ. ಮಗುವಿಗೆ ಮೂಳೆ ಚುಚ್ಚುತ್ತದೆ, ಆಚಾರಿಯ ಸೂಜಿಯೇ ಬೇಕಾಗಿಲ್ಲ. ನಮ್ಮವ್ವ ಹೋದಾಗ ನಿನಗೆ ಇನ್ನೂ ಸರಿಯಾಗಿ ಮಾತು ಬಂದಿರಲಿಲ್ಲ. ಅವ್ವನ ಕಡೆ ಮಾವಂದಿರು ಯಾರೂ ಇಲ್ಲವೆಂದು ನಿನ್ನ ಕಿವಿ ಚುಚ್ಚುವಾಗ ನನ್ನ ತೊಡೆಯ ಮೇಲೆಯೇ ಕೂರಿಸಿದ್ದರು. ನೀನು ನನ್ನ ಹೆಬ್ಬೆರಳು ಕಚ್ಚಿದೆ. ಆಗ ನನಗೆ ತೊಡೆ ಇತ್ತು ಕಣಮ್ಮ, ಊರೇ ಸಾಕ್ಷಿ.

ಆದ್ದರಿಂದ ನಾನೊಂದು ತೀರ್ಮಾನ ಮಾಡಿದ್ದೇನೆ. ಮಲ್ಲಿಗಮ್ಮನ ಕಿವಿ ಚುಚ್ಚುವಷ್ಟರಲ್ಲಿ ಮತ್ತೆ ತೊಡೆ ಸಂಪಾದಿಸುತ್ತೇನೆ.

ಮಂಡ್ಯಕ್ಕೆ ಹೋಗಿ ಡಾಕ್ಟರನ್ನು ಕಂಡೆ. ಮದರಾಸಿನ ಕಡೆಯವರು, ಹೊಸಬರು, ಒಳ್ಳೆಯ ಮನುಷ್ಯ. ಕನ್ನಡ ಮಾತ್ರ ಕಲ್ಲು ಅಗಿದ ಹಾಗೆ ಆಡುತ್ತಾರೆ. ಬೆನ್ನು ಬಡಿದರು, ಹೊಟ್ಟೆ ಒತ್ತಿದರು, ಬೆಳಗಿನಿಂದ ರಾತ್ರಿಯವರೆಗೆ ಏನೇನು ತಿನ್ನುತ್ತೀರಿ ಎಂದರು. ನಾನು ನೆನಪಿದ್ದಷ್ಟು ಹೇಳಿದೆ. ಕೊನೆಗೆ ಬರೆಯುವುದನ್ನು ನಿಲ್ಲಿಸಿ, "ನಿಮ್ಮ ಊಟಕ್ಕೆ ಕ್ಯಾಳೋರಿ ಬಹಳ ಜಾಸ್ತಿ. ದಿನಕ್ಕೆ ಸಾವಿರದೈನೂರು ಕ್ಯಾಳೋರಿ ಸಾಕು, ಅದರ ಮೇಲೆ ಬೇಡ" ಅಂದರು. ಮದರಾಸಿನವರ ನಾಲಗೆ ನೋಡು, ಕೇಳೋರು ಅನ್ನಲು ಕ್ಯಾಳೋರಿ ಅನ್ನುತ್ತಾರೆ. ನಾನು ಓದಿದವನಾದ್ದರಿಂದ ತಕ್ಷಣ ತಿಳಿದುಕೊಂಡೆ. ಬೇರೆಯವನಾಗಿದ್ದರೆ ಬಾಯಿ ಬಿಟ್ಟು ಕೂರುತ್ತಿದ್ದ.

ಆ ಮಾತು ಎಷ್ಟು ನಿಜ ಎಂದು ಬಸ್ಸಿನಲ್ಲಿ ಬರುತ್ತಾ ಯೋಚಿಸಿದೆ. ನಾನು ಮನೆಯಲ್ಲಿ ತಿನ್ನುವುದು ಎಷ್ಟು ಮಹಾ? ಬೀದಿಗೆ ಇಳಿದರೆ ಸರಿ, "ಉಂಡ್ರಾ ಅಯ್ಯಾ?" ಅನ್ನುತ್ತಾರೆ. ಉಂಡೆ ಅಂದರೆ, "ಅದ್ಯಾವ ಊಟ, ಬನ್ನಿ, ಬಿಸಿ ಇಟ್ಟೈತೆ" ಅನ್ನುತ್ತಾರೆ. ಒಂದು ಮನೆಯಲ್ಲಿ ಮುದ್ದೆ ಉಪ್ಸಾರು, ಇನ್ನೊಂದರಲ್ಲಿ ಬಸ್ಸಾರು, ಆಲೆಮನೆ ಹತ್ತಿರ ಹೋದರೆ ಬಿಸಿ ಬೆಲ್ಲ. ಕೇಳುತ್ತಾರೆ, ಕೂರುತ್ತೇನೆ. ಆದರೂ ಸಾವಿರದೈನೂರು ಅಂದರೆ ಡಾಕ್ಟರು ಧಾರಾಳವಾಗಿ ಹೇಳಿದ್ದಾರೆ, ನಮ್ಮೂರಲ್ಲಿ ಎಮ್ಮೆ ದನ ಸೇರಿಸಿದರೂ ಅಷ್ಟು ಜನ ಕೇಳುವವರಿಲ್ಲ. ನಾನು ಒಂದು ಹೆಜ್ಜೆ ಮುಂದೆ ಹೋದೆ. ಕೇಳೋರನ್ನು ಪೂರ್ತಿ ನಿಲ್ಲಿಸಿಯೇ ಬಿಟ್ಟರೆ ತೊಡೆ ಬೇಗ ಬರುತ್ತದಲ್ಲ?

ಅರಳಿಕಟ್ಟೆಯ ಮೇಲೆ ನಿಂತು ಹೇಳಿಬಿಟ್ಟೆ: ಇಂದಿನಿಂದ ಕರಿಸಿದ್ದಯ್ಯನನ್ನು ಉಂಡೆಯಾ ಎಂದು ಯಾರೂ ಕೇಳಕೂಡದು, ಕೇಳಿದವರ ಮನೆಯ ಕಣಜದ ಭತ್ತವೆಲ್ಲ ನಾನೇ ತಿಂದುಬಿಡುತ್ತೇನೆ. ಬಿದ್ದು ಬಿದ್ದು ನಕ್ಕರು. ಆದರೆ ನನ್ನ ಮಾತಿಗೆ ಊರಲ್ಲಿ ಬೆಲೆ ಇದೆ.

ಮನೆಯಲ್ಲಿ ಅಡಿಗೆ ಮಾಡುವ ಬೀರಕ್ಕನಿಗೂ ಹೇಳಿದೆ. ನಿನ್ನ ಅತ್ತಿಗೆ ತೀರಿಕೊಂಡ ಮೇಲೆ ಈ ಮನೆಯಲ್ಲಿ ನನ್ನನ್ನು ಏಕವಚನದಲ್ಲಿ ಬಯ್ಯುವವಳು ಅವಳೊಬ್ಬಳೇ. "ಕೇಳ್ಬ್ಯಾಡ ಅಂದ್ರೆ ಕೇಳಾಕಿಲ್ಲ. ಆಮ್ಯಾಕೆ ಒಟ್ಟೆ ಅಸೀತು ಅಂತ ಒಲೆ ಸುತ್ತ ಬೆಕ್ಕು ಸುತ್ತಿದಂಗೆ ಸುತ್ತೀಯ, ಆಗ ಐತೆ ಕಣ್ಲಾ ನಿಂಗೆ" ಅಂದಳು.

ಮಗುವಿಗೆ ದೃಷ್ಟಿ ತೆಗೆ. ಬೇಗ ಕಾಗದ ಬರೆ. ಕಿವಿ ಚುಚ್ಚುವುದು ಯಾವ ತಿಂಗಳು ಎಂದು ಖಂಡಿತ ತಿಳಿಸು, ಅದರ ಪ್ರಕಾರ ನಾನು ಇಳಿಯಬೇಕು.

ನಿನ್ನ ಅಣ್ಣ
ಕರಿಸಿದ್ದಯ್ಯ


ಕೆರಗೋಡು
೨೩–೯–೧೯೪೫

ತಂಗಿ ಹೊಂಬಾಳನಿಗೆ ಆಶೀರ್ವಾದ.

ನಿನ್ನ ಕಾಗದ ಬಂದಿಲ್ಲ. ನಾನೂ ತಡಮಾಡಿದೆ, ಅಲ್ಲಿಗೆ ಸರಿಹೋಯಿತು. ಕೈಮಗುವಿನ ತಾಯಿಗೆ ಲೇಖನಿ ಹಿಡಿಯಲು ಹೊತ್ತೆಲ್ಲಿ.

ಸಂತೋಷದ ಸುದ್ದಿ. ಮಂಡ್ಯದಲ್ಲಿ ಬೆಲ್ಲದ ಮಂಡಿಗೆ ಹೋಗಿ ದೊಡ್ಡ ತಕ್ಕಡಿಯಲ್ಲಿ ಕೂತು ತೂಗಿಸಿಕೊಂಡೆ. ಮೊದಲು ಡಾಕ್ಟರ ಹತ್ತಿರ ಹೋದ ದಿನವೂ ಅಲ್ಲೇ ತೂಗಿಸಿಕೊಂಡಿದ್ದೆ, ಆಗ ಹತ್ತು ಮಣ, ಎರಡು ಆಳಿನ ತೂಕ. ತೂಗುವ ಮರಿಸಿದ್ದಯ್ಯ ಅವತ್ತು, "ಅಯ್ಯಾ, ಕಲ್ಲು ಸಾಲ್ದು, ಪಕ್ಕದಂಗ್ಡಿಯೋರ್ನ ಕೇಳಿ ತರ್ಲಾ?" ಎಂದು ಮಂಡಿಯವರ ಮುಂದೆಲ್ಲ ಕೂಗಿದ್ದ. ಮೊದಲ ಕಲ್ಲು ಇಡುವಾಗ ಒಂದು ಅನ್ನದೆ "ಲಾಭ" ಅನ್ನುವುದು ನಮ್ಮ ಕಡೆಯ ಪದ್ಧತಿಯಲ್ಲವೇ, ಈ ಸಲ ಅವನು "ಲಾಭ" ಎಂದು ರಾಗ ಎಳೆದಾಗ, "ನಿಂಗೆ ಲಾಭ ಕಣ್ಲಾ, ನಾನು ಬಂದಿರಾದು ನಷ್ಟಕ್ಕೆ" ಅಂದೆ. ಎಂಟೂವರೆ ಮಣಕ್ಕೆ ಮುಳ್ಳು ನಿಂತಿತು. ಅವನು ತಕ್ಕಡಿಯೇ ಕೆಟ್ಟಿದೆ ಎಂದು ಎರಡನೆಯ ಸಲ ತೂಗಿದ.

ಅಲ್ಲಿಂದ ನೇರ ಡಾಕ್ಟರ ಹತ್ತಿರ ಹೋಗಿ, "ಸ್ವಾಮಿ, ತಮ್ಮ ಅಪ್ಪಣೆಯಂತೆ ಕೇಳೋರನ್ನೆಲ್ಲ ನಿಲ್ಲಿಸಿಬಿಟ್ಟೆ" ಅಂದೆ.

"ಯಾರನ್ನು?" ಅಂದರು.

"ಊಟ ಆಯಿತಾ ಎಂದು ಕೇಳೋರನ್ನು. ಊರಿನಲ್ಲಿ ಈಗ ಒಬ್ಬ ಕೇಳುವವನಿಲ್ಲ."

ಡಾಕ್ಟರು ಮೇಜು ಬಡಿದು ನಕ್ಕರು. ಕಾಂಪೌಂಡರನ್ನು ಕರೆದರು, ಅವನಿಗೆ ಹೇಳಿದರು, ಅವನೂ ನಕ್ಕ. ಹೊರಗೆ ಕೂತಿದ್ದ ರೋಗಿಗಳು ಇಣುಕಿ ನೋಡಿದರು. ಅವರು ಅಂದಿದ್ದು ಕ್ಯಾಲೋರಿ ಅಂತೆ. ತಿನ್ನುವ ಪದಾರ್ಥದಲ್ಲಿ ಒಂದು ಕಾವು ಇರುತ್ತದಂತೆ, ಒಲೆಗೆ ಸೌದೆ ಇದ್ದ ಹಾಗೆ. ಮುದ್ದೆಗೆ ಇಷ್ಟು, ಬೆಲ್ಲಕ್ಕೆ ಇಷ್ಟು, ತುಪ್ಪಕ್ಕೆ ಅದರ ಎರಡರಷ್ಟು, ಎಲ್ಲ ಬಿಳಿಯರು ಅಳೆದು ಪುಸ್ತಕ ಮಾಡಿದ್ದಾರಂತೆ. ಉರಿದು ಮಿಕ್ಕ ಸೌದೆ ಹೊಟ್ಟೆಯಾಗುತ್ತದಂತೆ. ಅದೆಲ್ಲ ನನಗೆ ಮೊದಲೇ ಗೊತ್ತಿತ್ತು. ಪರಸ್ಥಳದಿಂದ ಬಂದು ಒಬ್ಬರೇ ಇದ್ದಾರೆ, ಒಂದು ಸಲ ನಗಲಿ ಎಂದು ಹಾಗೆ ಹೇಳಿದೆ ಅಷ್ಟೆ. ಈ ಮಾತನ್ನು ನಿನ್ನ ಯಜಮಾನರಿಗೆ ಓದಿ ಹೇಳಬೇಡ.

ಈಗ ಶಾಸ್ತ್ರೋಕ್ತವಾಗಿ ನಡೆಯುತ್ತಿದೆ. ಡಾಕ್ಟರು ಔನ್ಸಿನಲ್ಲಿ ಬರೆದುಕೊಟ್ಟಿದ್ದನ್ನು ಮರಿಸಿದ್ದಯ್ಯ ಚಟಾಕಿನ ಲೆಕ್ಕಕ್ಕೆ ತಿರುಗಿಸಿಕೊಟ್ಟ. ಒಂದು ಸಣ್ಣ ತಕ್ಕಡಿ ತಂದೆ. ಒಂದು ಹೊತ್ತಿಗೆ ಎರಡು ಚಟಾಕು ರಾಗಿಹಿಟ್ಟು, ಅದು ಮುದ್ದೆಯಾದರೆ ಕಿತ್ತಳೆ ಹಣ್ಣಿನಷ್ಟು ಆಗುತ್ತದೆ. ಮಧ್ಯಾಹ್ನ ಒಂದು ಹಿಡಿ ಕಾಳು, ಸೊಪ್ಪು ಎಷ್ಟು ಬೇಕಾದರೂ. ತುಪ್ಪ ನೋಡಬಹುದು. ಬೀರಕ್ಕ ಹಿಟ್ಟು ಅಳೆಯುವಾಗ "ಲಾಭ, ಎಲ್ಡು" ಎಂದಳು. "ಲಾಭ ಅಂದ್ರೆ ಲೆಕ್ಕುಕ್ಕಿಲ್ಲ, ಅದು ದೇವ್ರುದು. ಇನ್ನೊಂದಾಕು" ಅಂದೆ. "ದೇವ್ರು ಬಂದು ಉಂಡ್ಕಳ್ಳಿ, ಎಬ್ಬಿಸ್ಕಂಡ್ ಬಾ ಓಗು" ಎಂದು ಡಬ್ಬದ ಮುಚ್ಚಳ ಹಾಕಿದಳು. ಚಿನ್ನ ತೂಗಿದ ಹಾಗೆ ಹಿಟ್ಟು ತೂಗುವ ಮನೆ ಈ ತಾಲ್ಲೂಕಿನಲ್ಲಿ ನಮ್ಮದೊಂದೇ.

ಒಂದು ತಮಾಷೆ ಹೇಳುತ್ತೇನೆ. ಕ್ಯಾಲೋರಿಯ ಅರ್ಥ ತಿಳಿದ ಮೇಲೆ ಮತ್ತೆ ಕಟ್ಟೆ ಹತ್ತಿ, ಇನ್ನು ಮೇಲೆ ಕೇಳಬಹುದು, ನಾನು ಬೇಡ ಎಂದು ಹೇಳುತ್ತೇನೆ, ಅಷ್ಟೆ ಎಂದು ಸಾರಿದೆ. ಯಾರೂ ನಂಬಲಿಲ್ಲ. ಹಸಿವು ತಡೆಯಲಾರದೆ ಹೀಗೆ ಅನ್ನುತ್ತಿದ್ದಾನೆ ಎಂದುಕೊಂಡರು. ಮೊನ್ನೆ ಪಕ್ಕದ ಮನೆಯ ಕೆಂಪಸಿದ್ದಯ್ಯ ಜಗಲಿಯ ಮೇಲೆ ಕೂತು ಉಣ್ಣುತ್ತಿದ್ದ. ಹುರುಳಿಕಟ್ಟಿನ ಸಾರು, ಬೀದಿಯೆಲ್ಲ ಘಮ್ ಅನ್ನುತ್ತಿತ್ತು. ನಾನು ಹೋಗಿ ಮಳೆ ವಿಷಯ ಮಾತಾಡಿದೆ, ನಾಲೆ ವಿಷಯ ಮಾತಾಡಿದೆ, ಯುದ್ಧ ಮುಗಿದ ವಿಷಯ ಮಾತಾಡಿದೆ. ಅವನು ತಲೆ ತಗ್ಗಿಸಿ ಬೇಗ ಬೇಗ ನುಂಗಿ ತಣಿಗೆ ಎತ್ತಿಕೊಂಡು ಎದ್ದ. "ಏನ್ಲಾ, ಉಂಡ್ಯಾ ಅಂತ ಬಾಯ್ಮಾತ್ಗೂ ಕೇಳಾಕಿಲ್ವಾ?" ಅಂದೆ. "ನೀವೇ ಬ್ಯಾಡ ಅಂದಿದ್ರಲ್ಲ ಅಯ್ಯಾ. ನಿಮ್ ತಪಸ್ಸು ನಾವ್ಯಾಕೆ ಕೆಡ್ಸಾನ" ಅಂದ. ಎಷ್ಟು ಗೌರವ ನೋಡು.

ಸಂಜೆ ಬೀದಿಯಲ್ಲಿ ನಡೆದರೆ ಬಾಗಿಲುಗಳು ಮೆಲ್ಲಗೆ ಮುಚ್ಚಿಕೊಳ್ಳುತ್ತವೆ. ನನಗೆ ಆಸೆಯಾಗಬಾರದೆಂದು.

ಹಿಂದಿನ ತಿಂಗಳು ಒಂದು ಮದುವೆಗೂ ಕರೆಯಲಿಲ್ಲ. ಕಂಟ್ರೋಲಿನ ಕಾಲ, ಇಷ್ಟೇ ಜನಕ್ಕೆ ಊಟ ಎಂದು ಸರ್ಕಾರದ ಕಟ್ಟುಪಾಡು. ಅದರಲ್ಲಿ ಉಣ್ಣದವನನ್ನು ಕರೆದು ಏನು ಮಾಡುತ್ತಾರೆ? ನನ್ನ ಎಲೆಯ ಮುಂದೆ ನಿಂತು ನೋಡಲಿಕ್ಕೆ ತಾನೇ ಮೊದಲು ಜನ ಕರೆಯುತ್ತಿದ್ದದ್ದು.

ಇದಕ್ಕೆಲ್ಲ ಚಿಂತೆಯಿಲ್ಲ. ಕೂತಾಗ ಹೊಟ್ಟೆಯ ಕೆಳಗೆ ಎರಡು ಬೆರಳಿನಷ್ಟು ತೊಡೆ ಕಾಣುತ್ತಿದೆ. ಮಲ್ಲಿಗಮ್ಮನಿಗೆ ಹೇಳು, ಸದ್ಯಕ್ಕೆ ಒಂದು ಪಾದ ಇಡುವಷ್ಟು ಜಾಗ ಆಗಿದೆ.

ನಿನ್ನ ಅಣ್ಣ
ಕರಿಸಿದ್ದಯ್ಯ


ಕೆರಗೋಡು
೧೬–೧೨–೧೯೪೫

ನನ್ನ ಮುದ್ದು ತಂಗಿ ಹೊಂಬಾಳನಿಗೆ,

ನಿನ್ನ ಕಾರ್ಡು ತಲುಪಿತು. ಕೈಬರಹ ನಿನ್ನ ಯಜಮಾನರದು, ಮಾತು ನಿನ್ನದು ಎಂದುಕೊಂಡು ಓದಿದೆ. ಮಾಘದಲ್ಲಿ ಕಿವಿ ಚುಚ್ಚಿಸುತ್ತೇವೆ, ದಿನ ಗೊತ್ತಾದ ಮೇಲೆ ತಿಳಿಸುತ್ತೇವೆ, ಎಂದಿದೆ. ಸಾಕು. ಕಾರ್ಡು ಬಂದ ದಿನ ಸಂತೋಷಕ್ಕೆ ಒಂದು ಚಟಾಕು ಹಿಟ್ಟು ಹೆಚ್ಚಿಗೆ ಹಾಕೋಣ ಎಂದುಕೊಂಡು, ಹಾಕದೆ ಬಿಟ್ಟೆ. ನಿಮ್ಮ ಅತ್ತೆಯವರ ಸೂಜಿಯ ಮಾತು ನೆನಪಾಯಿತು.

ಈಗ ನಾನು ಕೂತರೆ ತೊಡೆ ಸಂಪೂರ್ಣ ಇದೆ ಕಣಮ್ಮ. ಬಾಯಿ ಮಾತಲ್ಲ, ಪರೀಕ್ಷೆ ಮಾಡಿದ್ದೇನೆ. ಹಿತ್ತಲಿನ ಬೂದುಗುಂಬಳಕಾಯಿಗಳಲ್ಲಿ ಮಲ್ಲಿಗಮ್ಮನ ತೂಕದ್ದೊಂದನ್ನು ಆರಿಸಿ, ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿ, ತೊಡೆಯ ಮೇಲೆ ಕೂರಿಸಿಕೊಂಡು, ಆಚಾರಿ ಬಂದ ಹಾಗೆ, ಸೂಜಿ ಹಿಡಿದ ಹಾಗೆ, ಮಗು ಕೊಸರಿದ ಹಾಗೆ, ಎಲ್ಲ ಮಾಡಿ ನೋಡಿದೆ. ಜಾರಲಿಲ್ಲ. "ಆಯ್ತು ಕಣವ್ವ, ಆಯ್ತು, ಒಂದೇ ಒಂದು ಇರುವೆ ಕಚ್ತು" ಎಂದು ಸಮಾಧಾನ ಮಾಡುತ್ತಿರುವಾಗ ಬೀರಕ್ಕ ಒಳಗೆ ಬಂದಳು. "ಅಯ್ಯೋ ಶಿವನೇ, ಉಣ್ದೆ ಉಣ್ದೆ ತಲೆ ಕೆಟ್ಟೋಯ್ತಾ ನಿಂಗೆ!" ಎಂದು ಕುಂಬಳಕಾಯಿ ಕಿತ್ತುಕೊಂಡು ಹೋದಳು. ಮಧ್ಯಾಹ್ನ ಅದನ್ನೇ ಹುಳಿ ಮಾಡಿದಳು. ನನಗೆ ಉಣ್ಣಲು ಮನಸ್ಸು ಬರಲಿಲ್ಲ.

ಇನ್ನೊಂದು ವಿಷಯ, ನಗಬೇಡ. ಮೀಸೆ ತೆಗೆಸಿಬಿಟ್ಟೆ. ನಾಮಕರಣದಲ್ಲಿ ನಾನು ಮುದ್ದಿಸಿದಾಗ ಮಗುವಿಗೆ ಚುಚ್ಚಿ ಅತ್ತಿತ್ತಲ್ಲ. ಕ್ಷೌರದವನು ಕತ್ತಿ ಹಿಡಿದು ಮೂರು ಸಲ ಕೇಳಿದ, ನಿಜವಾಗಿಯೂ ತೆಗೆಯಲೇ ಎಂದು. ಈಗ ಕನ್ನಡಿ ನೋಡಿದರೆ ಯಾರೋ ನಮ್ಮ ಮನೆಗೆ ಬಂದಿರುವ ಹಾಗೆ ಅನ್ನಿಸುತ್ತದೆ. ಒಳ್ಳೆಯದೇ, ಮಾತಿಗೆ ಒಬ್ಬ ಆದ.

ಬೀರಕ್ಕ ಈಗ ಇಲ್ಲಿಲ್ಲ. ನಿಡಘಟ್ಟದಲ್ಲಿ ಅವಳ ಮಗಳಿಗೆ ಹೆರಿಗೆ, ಗಾಡಿ ಕಟ್ಟಿಸಿ ಕಳಿಸಿದೆ. ಹೋಗುವಾಗ ಬಾಗಿಲಲ್ಲಿ ನಿಂತು, "ಒಂದೇ ಒಂದ್ಸಲ ಕೇಳ್ತೀನಿ, ಬಯ್ಬ್ಯಾಡ. ಒಟ್ಟೆ ತುಂಬ ಉಣ್ತೀಯಾ ಇಲ್ವಾ?" ಅಂದಳು. "ಓಗಮ್ಮಾ, ಗಾಡಿ ಒಂಟೋಯ್ತದೆ" ಅಂದೆ. ಮೊಮ್ಮಗು ಹುಟ್ಟಿತಂತೆ, ಅಲ್ಲೇ ಉಳಿಯುತ್ತಾಳಂತೆ. ಉಳಿಯಲಿ.

ನಾನೇ ತೂಗಿ, ನಾನೇ ಎಸರಿಟ್ಟು, ನಾನೇ ತೊಳಸುತ್ತೇನೆ. ಮುದ್ದೆ ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಮಂಡ್ಯದ ಹೋಟೆಲಿನವನು ಬಂದು ಕಲಿಯಬೇಕು. ಎರಡು ಚಟಾಕು ಹಿಟ್ಟಿಗೆ ದೊಡ್ಡ ಮಡಕೆ, ಕೋಲು ಆಡಿಸಿದರೆ ಹಿಟ್ಟು ಒಂದು ಮೂಲೆಯಲ್ಲಿ ಓಡಾಡುತ್ತದೆ. ಒಬ್ಬರ ಊಟಕ್ಕೆ ಆಗುವ ಮಡಕೆ ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಉಂಡು ಮುಗಿದ ಮೇಲೆ ಸ್ವಲ್ಪ ಹೊತ್ತು ಎಲೆಯ ಮುಂದೆ ಹಾಗೇ ಕೂರುತ್ತೇನೆ. ಬೇಡ, ಸಾಕು, ಕೈ ಅಡ್ಡ ಹಿಡಿದೆ ನೋಡು ಎಂದು ಹೇಳಿ ಅಭ್ಯಾಸ. ಹೇಳಲಿಕ್ಕೆ ಯಾರಾದರೂ ಸೌಟು ಹಿಡಿದು ನಿಂತಿರಬೇಕಲ್ಲ.

ಇರಲಿ. ಮಾಘಕ್ಕೆ ನಾನು ಬರುವಾಗ ನಿನ್ನ ಯಜಮಾನರಿಗೆ ಮೊದಲೇ ಹೇಳಿಟ್ಟಿರು: ರೇಷನ್ ಅಕ್ಕಿಯ ಚಿಂತೆ ಬೇಡ. ನನ್ನ ಪಾಲಿ‍ನ ಹಿಟ್ಟನ್ನು ನಾನೇ ತೂಗಿ ವಲ್ಲಿಯಲ್ಲಿ ಕಟ್ಟಿಕೊಂಡು ಬರುತ್ತೇನೆ. ಕಚೇರಿಯವರ ಪಂತಿಯಲ್ಲಿ ಕೂರುವುದಿಲ್ಲ, ಒಳಗೆ ಅಡಿಗೆಮನೆಯಲ್ಲಿ ಒಂದು ಮೂಲೆ ಸಾಕು. ತಮಾಷೆ ಮಾಡುವುದಿಲ್ಲ. ಮಾಡಿದರೂ ಸಣ್ಣದು ಮಾಡುತ್ತೇನೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು, ಆಚಾರಿ ಎರಡು ಕಿವಿ ಚುಚ್ಚುವುದು, ಬೆಲ್ಲ ಬಾಯಿಗಿಡುವುದು, ಎದ್ದು ಬರುವುದು. ಅಷ್ಟೇ ನನ್ನ ಕೆಲಸ.

ದಿನ ಮಾತ್ರ ತಿಳಿಸು. ಮರೆಯಬೇಡ.

ನಿನ್ನ ಅಣ್ಣ
ಕರಿಸಿದ್ದಯ್ಯ


ಕೆರಗೋಡು
೧೩–೨–೧೯೪೬

ಸೌಭಾಗ್ಯವತಿ ತಂಗಿ ಹೊಂಬಾಳಮ್ಮನಿಗೆ ಅಣ್ಣನ ಆಶೀರ್ವಾದಗಳು.

ನಿನ್ನ ಕಾಗದ ತಿಂಗಳ ಮೊದಲೇ ಬಂದಿತ್ತು. ಉತ್ತರ ತಡವಾಯಿತು, ಮನ್ನಿಸು. ಈ ಸಲ ನಿನ್ನದೇ ಕೈಬರಹ. ಅಕ್ಷರ ಇನ್ನೂ ಹಾಗೇ ಇದೆ, ಗುಂಡಗೆ, ಒಂದರ ಮೇಲೊಂದು ಬಿದ್ದ ಹಾಗೆ. ನಿನಗೆ ಅಕ್ಷರ ತಿದ್ದಿಸಿದವನು ನಾನೇ, ಅದರ ತಪ್ಪು ಒಪ್ಪು ಎರಡೂ ನನ್ನದೇ.

ನಿನ್ನ ಯಜಮಾನರಿಗೆ ರಜ ಸಿಗಲಿಲ್ಲ, ಅಕ್ಕಿಗೂ ಕಷ್ಟ, ಆದ್ದರಿಂದ ಕಿವಿ ಚುಚ್ಚುವುದನ್ನು ಯುಗಾದಿ ಕಳೆದ ಮೇಲಕ್ಕೆ ಹಾಕಿದ್ದೇವೆ, ನೀನು ಈಗ ಬಂದು ತೊಂದರೆಪಡಬೇಡ ಅಣ್ಣ, ಎಂದು ಬರೆದಿದ್ದೀಯ. ಒಳ್ಳೆಯದೇ ಆಯಿತು. ಮಾಘದ ಚಳಿಯಲ್ಲಿ ಮಗುವಿನ ಕಿವಿ ಬೇಗ ಒಣಗುವುದಿಲ್ಲ. ಸರ್ಕಾರಿ ಕೆಲಸ ಎಂದ ಮೇಲೆ ರಜದ ಕಷ್ಟ ಇದ್ದದ್ದೇ. ನನಗೆ ಬೇಸರವಿಲ್ಲ.

ಇಲ್ಲಿ ಕಬ್ಬು ಕಡಿಯುತ್ತಿದ್ದಾರೆ. ಆಲೆಮನೆ ಹಗಲೆಲ್ಲ ಹೊಗೆಯಾಡುತ್ತದೆ. ಈ ವರ್ಷ ನಮ್ಮ ಬೆಲ್ಲದ ಬಣ್ಣ ನೋಡಿದರೆ ಮಂಡಿಯವರು ಬೇರೆಯವರ ಬೆಲ್ಲ ಮುಟ್ಟುವುದಿಲ್ಲ. ಕೆಂಪಸಿದ್ದಯ್ಯನ ಎತ್ತಿಗೆ ಕಾಲುಬಾಯಿ ಬಂದು ವಾಸಿಯಾಯಿತು. ಬೀರಕ್ಕ ಹೇಳಿ ಕಳಿಸಿದ್ದಾಳೆ, ಮೊಮ್ಮಗುವನ್ನು ಬಿಟ್ಟು ಬರಲಾರೆ, ಬೇರೆ ಯಾರನ್ನಾದರೂ ನೋಡಿಕೊ ಎಂದು.

ಮತ್ತೆ ತೂಗಿಸಿಕೊಂಡೆ. ಆರೂವರೆ ಮಣ. ಮರಿಸಿದ್ದಯ್ಯ ತಮಾಷೆ ಮಾಡಲಿಲ್ಲ. ಕಲ್ಲುಗಳನ್ನು ತೆಗೆದು ಕೆಳಗಿಡುತ್ತಾ, "ಅಯ್ಯಾ, ಉಸಾರಾಗಿದ್ದೀರಾ?" ಅಂದ. ಡಾಕ್ಟರಂತೂ ನನ್ನನ್ನು ನೋಡಿ ಬೈದರು. ಇಳಿಸಿದ್ದು ಸಾಕು, ನಾನು ಬರೆದುಕೊಟ್ಟದ್ದಕ್ಕಿಂತ ಕಡಿಮೆ ತಿನ್ನುತ್ತಿದ್ದೀರಿ, ಇನ್ನು ಮೇಲೆ ತೂಗಬೇಡಿ, ಹಸಿದಷ್ಟು ತಿನ್ನಿ, ಎಂದರು. ಹೂಂ ಅಂದೆ. ಹಸಿದಷ್ಟು ಎಂದರೆ ಎಷ್ಟು ಎಂದು ಈಗ ನನಗೆ ತಿಳಿಯುವುದಿಲ್ಲ. ತೂಗದೆ ಹಾಕಿಕೊಂಡರೆ ಅರ್ಧ ಎಲೆಯಲ್ಲೇ ಉಳಿಯುತ್ತದೆ. ಅದಕ್ಕೆ ಅಭ್ಯಾಸದ ಪ್ರಕಾರ ಎರಡು ಚಟಾಕೇ ತೂಗುತ್ತಿದ್ದೇನೆ.

ಮಗುವಿನ ಕಿವಿಗೆ ಮಾಡಿಸಿದ ಚಿನ್ನದ ಕಡಕನ್ನು ಈ ಕಾಗದದ ಜೊತೆಯಲ್ಲೇ ಇನ್ಶೂರ್ ಮಾಡಿಸಿ ಅಂಚೆಗೆ ಹಾಕಿದ್ದೇನೆ. ಮಾವನ ಮನೆಯದು ಎಂದು ಇರಲಿ. ಚುಚ್ಚಿದ ಕಿವಿಗೆ ಹತ್ತುವಷ್ಟೇ ಸಣ್ಣದು, ಕೊನೆ ಚೂಪಿಲ್ಲದ ಹಾಗೆ ಆಚಾರಿಯ ಮುಂದೆ ಕೂತು ಉಜ್ಜಿಸಿದ್ದೇನೆ. ಬೇವಿನೆಣ್ಣೆ ಅರಿಸಿನ ಹಚ್ಚುತ್ತಿರು. ರಾತ್ರಿ ಮಗ್ಗುಲು ಬದಲಿಸುವಾಗ ಅಳುತ್ತಾಳೆ, ಗಾಬರಿಯಾಗಬೇಡ. ನೀನೂ ಹಾಗೇ ಅಳುತ್ತಿದ್ದೆ, ನಾನು ನಿನ್ನನ್ನು ಅಂಗಾತ ಎದೆಯ ಮೇಲೆ ಹಾಕಿಕೊಂಡು ಮಲಗುತ್ತಿದ್ದೆ.

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ. ನಿನ್ನ ಯಜಮಾನರಿಗೆ ಬಡ್ತಿಯಾಗಲಿ. ನೀನು ನೂರು ವರ್ಷ ಮುತ್ತೈದೆಯಾಗಿರು. ಮಲ್ಲಿಗಮ್ಮ ದೊಡ್ಡವಳಾಗಿ, ನಿನ್ನ ಹಾಗೆ ಅಲ್ಲ, ನನ್ನ ಹಾಗೆ ಜೋರಾಗಿ ನಗುವವಳಾಗಲಿ.

ನಿನ್ನ ಅಣ್ಣ
ಕರಿಸಿದ್ದಯ್ಯ

ಮರೆತಿದ್ದೆ: ಹೋದ ಶುಕ್ರವಾರ ನಾನು ಮಳವಳ್ಳಿಗೆ ಬಂದಿದ್ದೆ ಹೊಂಬಾಳ. ನಿನ್ನ ಕಾಗದ ನಂಬಿಯೇ ಬಂದೆ, ಅನುಮಾನದಿಂದ ಅಲ್ಲ. ಯುಗಾದಿಯವರೆಗೆ ಯಾಕೆ ಕಾಯಬೇಕು, ಸುಮ್ಮನೆ ಒಂದು ಸಲ ನಿನಗೆ ತೊಡೆ ತೋರಿಸಿ, ಮಗುವನ್ನು ಒಂದು ಗಳಿಗೆ ಕೂರಿಸಿಕೊಂಡು ಸಂಜೆಯ ಬಸ್ಸಿಗೆ ವಾಪಸು ಬರೋಣ ಎಂದು. ಮದ್ದೂರಿನಲ್ಲಿ ಇದ್ದಿಲಿನಿಂದ ಓಡುವ ಬಸ್ಸು ಕೆಟ್ಟು ಬರುವುದು ತಡವಾಯಿತು. ನಿಮ್ಮ ಬಾಗಿಲಲ್ಲಿ ಮಾವಿನ ತೋರಣ ಇತ್ತು. ಜಗಲಿ ತುಂಬ ಜನ. ನಾನು ತಲೆಗೆ ವಲ್ಲಿ ಸುತ್ತಿಕೊಂಡಿದ್ದೆ, ಬಾಗಿಲ ಪಕ್ಕದಲ್ಲಿ ಜನರ ಜೊತೆ ನಿಂತೆ. ಅಂಕಯ್ಯ ಮಣೆಯ ಮೇಲೆ ಕೂತಿದ್ದ, ಮಲ್ಲಿಗಮ್ಮ ಅವನ ತೊಡೆಯ ಮೇಲೆ ಇದ್ದಳು. ಜಾರಲಿಲ್ಲ, ಚೆನ್ನಾಗಿ ಹಿಡಿದಿದ್ದ, ಸುಳ್ಳು ಹೇಳಬಾರದು. ಎರಡನೆಯ ಕಿವಿಗೆ ಸೂಜಿ ಹಾಕಿದಾಗ ಬಹಳ ಅತ್ತಳು. ನೀನು ತಡೆಯಲಾರದೆ ಅವಳನ್ನು ಎತ್ತಿಕೊಂಡು ಹೊರಕ್ಕೆ ಬಂದೆ. ನನ್ನ ಎದುರಿಗೇ ಬಂದೆ. ನನ್ನ ಮುಖ ನೋಡಿದೆ. ಆಮೇಲೆ, "ಒಸಿ ದಾರಿ ಬುಡಿ ಅಣ್ಣಾ, ಮಗೀಗೆ ಗಾಳಿ ಆಡ್ಲಿ" ಅಂದೆ, ಬೀದಿಯಲ್ಲಿ ಹೋಗುವವರಿಗೆ ಅನ್ನುತ್ತೇವಲ್ಲ, ಹಾಗೆ.

ನಾನು ದಾರಿ ಬಿಟ್ಟೆ.